ಅಗ್ಗದ ಡ್ರೈವಿಂಗ್ ಕಲಿಕೆ: ಉಳಿತಾಯ ಯಾರಿಗೆ?

ಇಷ್ಟೇ ರೂಪಾಯಿಗೆ ಕಾರು ಕಲಿಯಿರಿ, ಲೈಸನ್ಸ್ ಸಹಿತ ಎಂಬ ಬೋರ್ಡು ಕಾಣದ ಪೇಟೆ ಇಂದು ಇಲ್ಲವೆಂದೇ ಹೇಳಬಹುದು. ಉಪ್ಪಳ, ಕುಂಬಳೆ, ಬದಿಯಡ್ಕ, ಮುಳ್ಳೇರಿಯಗಳಲ್ಲಿ ಅದು ಹೆಚ್ಚಾಗಿ ಮಲೆಯಾಳದಲ್ಲಿರುತ್ತದೆ. ಮಹಾರಾಷ್ಟ್ರದ ಕೊಲ್ಲಾಪುರ ಜಿಲ್ಲೆಯ ಗಡಹಿಂಗ್ಲಜದಲ್ಲಿ ಮರಾಠಿಯಲ್ಲಿರುತ್ತದೆ. ಲಿಪಿ ಬೇರೆಯಾದರೂ ಒಕ್ಕಣೆ ಒಂದೇ. ಕಾರು ಕಲಿತರೆ ಸ್ಕೂಟರು ಉಚಿತ, ಮಹಿಳೆಯರಿಗೆ ರಿಯಾಯಿತಿ, ಇಬ್ಬರು ಸೇರಿದರೆ ಇನ್ನಷ್ಟು ಕಡಿಮೆ, ಪಾಸಾಗುವ ತನಕ ಜವಾಬ್ದಾರಿ ನಮ್ಮದು ಎಂಬಿತ್ಯಾದಿ ಆಶ್ವಾಸನೆಗಳಿಗೆ ಎಲ್ಲಿಯೂ ಬರವಿಲ್ಲ. ಶಾಲೆಗಳು ಹೆಚ್ಚಿದಂತೆ ಸ್ಪರ್ಧೆ ಹೆಚ್ಚಿದೆ, ಸ್ಪರ್ಧೆ ಹೆಚ್ಚಿದಂತೆ ದರ ಇಳಿದಿದೆ. ಗಿರಾಕಿಗೆ ಇದರಿಂದ ಲಾಭವೆಂದು ಮೇಲ್ನೋಟಕ್ಕೆ ತೋರುವುದು ಸಹಜ. ಆದರೆ ಇಳಿದದ್ದು ದರ ಮಾತ್ರವೇ, ಅದರ ಜೊತೆಗೆ ಕಲಿಕೆಯೂ ಇಳಿದಿದೆಯೇ ಎಂಬುದನ್ನು ವಿಚಾರಿಸಿ ನೋಡುವವರು ಕಡಿಮೆ.

ಇದು ಬರಿಯ ಹಣದ ಪ್ರಶ್ನೆಯಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಅಪಘಾತದಿಂದ ಸತ್ತವರ ಸಂಖ್ಯೆ 1,68,491 ಎಂದು ಕೇಂದ್ರ ಸಾರಿಗೆ ಇಲಾಖೆಯೇ ಲೆಕ್ಕ ಕೊಟ್ಟಿದೆ. ಇವೆಲ್ಲಕ್ಕೂ ಕಳಪೆ ಕಲಿಕೆಯೇ ಕಾರಣವೆಂದು ಯಾರೂ ಹೇಳಲಾರರು. ರಸ್ತೆ, ವೇಗ, ಮದ್ಯ, ಹಳೆಯ ವಾಹನ, ಎಲ್ಲದರ ಪಾಲೂ ಅದರಲ್ಲಿದೆ. ಆದರೆ ಕೈಯಲ್ಲಿ ಲೈಸನ್ಸು ಇದ್ದು ಕಾಲಿಗೆ ಬ್ರೇಕಿನ ಅಂದಾಜು ಇಲ್ಲದ ಚಾಲಕ ತನಗೂ ಇತರರಿಗೂ ಅಪಾಯಕಾರಿ ಎಂಬುದಕ್ಕೆ ಅಂಕಿ ಅಂಶಗಳ ಅಗತ್ಯವಿಲ್ಲ.

ಹಾಗಾದರೆ ಕಲಿಯುವವನಿಗೆ ಎಷ್ಟು ಸಿಗಬೇಕು? ಇದಕ್ಕೆ ಕಾನೂನೇ ಉತ್ತರ ಹೇಳಿದೆ. 1988ರ ಮೋಟಾರು ವಾಹನ ಕಾಯಿದೆಯ 12ನೆಯ ವಿಧಿಯ ಪ್ರಕಾರ ಡ್ರೈವಿಂಗ್ ಶಾಲೆ ನಡೆಸುವವರು ಸರಕಾರದಿಂದ ಲೈಸನ್ಸ್ ಪಡೆಯತಕ್ಕದ್ದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಆ ಶಾಲೆ ಏನನ್ನು, ಎಷ್ಟು ಕಲಿಸಬೇಕೆಂದು ಗೊತ್ತುಪಡಿಸಿವೆ. ಸ್ವಂತ ಕಾರು ಓಡಿಸಲು ಕಲಿಯುವವರಿಗೆ ತರಬೇತಿಯ ಅವಧಿ 21 ದಿನಗಳಿಗೆ ಕಡಿಮೆ ಇರಕೂಡದು. ಸ್ಟೇರಿಂಗ್ ಹಿಡಿದು ಓಡಿಸುವ ಸಮಯ 10 ಗಂಟೆಗಳಿಗೆ ಕಡಿಮೆ ಇರಕೂಡದು. ಬಾಡಿಗೆ ವಾಹನಗಳವರಿಗೆ ಇದು 30 ದಿನ ಮತ್ತು 15 ಗಂಟೆ. ಕಲಿಸುವ ಕಾರಿನಲ್ಲಿ ಶಿಕ್ಷಕನ ಕಾಲ ಬಳಿಯೂ ನಿಯಂತ್ರಣ ಇರಬೇಕು. ಶಿಕ್ಷಕನು ಹತ್ತನೆಯ ತರಗತಿ ಪಾಸಾಗಿ, ಐದು ವರ್ಷಗಳ ಚಾಲನೆಯ ಅನುಭವವನ್ನೂ ಮೋಟಾರು ಮೆಕ್ಯಾನಿಕ್ ತರಬೇತಿಯ ಸರ್ಟಿಫಿಕೇಟನ್ನೂ ಹೊಂದಿರಬೇಕು. ಸೇರಿದವರ ಹೆಸರು ನಮೂನೆ 14ರ ರಿಜಿಸ್ಟರಿನಲ್ಲಿ, ಪ್ರತಿಯೊಬ್ಬನು ಓಡಿಸಿದ ಗಂಟೆಗಳು ನಮೂನೆ 15ರ ರಿಜಿಸ್ಟರಿನಲ್ಲಿ ದಾಖಲಾಗಬೇಕು. ಇಷ್ಟೆಲ್ಲ ನಿಯಮಗಳು ಪುಸ್ತಕದಲ್ಲಿವೆ. ಕಲಿಯಲು ಹೋಗುವ ನೂರು ಮಂದಿಯಲ್ಲಿ ಎಷ್ಟು ಮಂದಿಗೆ ಈ ಹತ್ತು ಗಂಟೆಯ ವಿಷಯ ತಿಳಿದಿದೆ? ತಿಳಿಯದ ಹಕ್ಕನ್ನು ಕೇಳುವವರಿಲ್ಲ. ಕೇಳದ ಹಕ್ಕನ್ನು ಕೊಡುವವರೂ ವಿರಳ.

ಹತ್ತು ಗಂಟೆಗಳನ್ನು 21 ದಿನಗಳಿಗೆ ಹಂಚಿದರೆ ದಿನಕ್ಕೆ ಸುಮಾರು ಅರ್ಧ ಗಂಟೆ ಬರುತ್ತದೆ. ಅನೇಕ ಕಡೆ ನಡೆಯುವುದು ಬೇರೆ. ಒಂದು ಕಾರಿನಲ್ಲಿ ನಾಲ್ವರು ಕುಳಿತು ಒಂದು ಗಂಟೆ ತಿರುಗಾಡಿ ಬರುತ್ತಾರೆ. ಪ್ರತಿಯೊಬ್ಬನಿಗೂ ಒಂದು ಗಂಟೆಯ ತರಗತಿ ಆಯಿತೆಂದು ಲೆಕ್ಕ, ಸ್ಟೇರಿಂಗ್ ಸಿಕ್ಕಿದ್ದು ಕಾಲು ಗಂಟೆ. ಈ ಲೆಕ್ಕದಲ್ಲಿ 21 ದಿನಗಳ ಕೊನೆಗೆ ಕೈಗೆ ಬಂದದ್ದು ಐದೂಕಾಲು ಗಂಟೆ, ಅಂದರೆ ನಿಯಮ ಹೇಳಿದ್ದರ ಅರ್ಧ. ಇತರರು ಓಡಿಸುವುದನ್ನು ನೋಡಿಯೂ ಕಲಿಯಬಹುದೆಂದು ಸಮಾಧಾನ ಹೇಳುವವರಿದ್ದಾರೆ. ನೀರಿಗೆ ಇಳಿಯದೆ ಈಜು ಬರುವುದಿಲ್ಲವೆಂದು ನಮ್ಮ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಬೆಲೆಯನ್ನು ತೂಗಬೇಕಾದದ್ದು ಒಟ್ಟು ಮೊತ್ತದಿಂದಲ್ಲ, ಸ್ಟೇರಿಂಗ್ ಹಿಡಿದ ಗಂಟೆಯಿಂದ. ಉದಾಹರಣೆಗೆ ಒಂದು ಶಾಲೆಯವರು ರೂ. 4,200 ಪಡೆದು ದಿನಕ್ಕೆ ಕಾಲು ಗಂಟೆಯಂತೆ 24 ದಿನ ಕಲಿಸುತ್ತಾರೆ. ಇನ್ನೊಂದು ಶಾಲೆಯವರು ರೂ. 7,200 ಪಡೆದು ದಿನಕ್ಕೆ ಅರ್ಧ ಗಂಟೆಯಂತೆ 24 ದಿನ ಕಲಿಸುತ್ತಾರೆ ಎಂದಿಟ್ಟುಕೊಳ್ಳೋಣ. ಮೊದಲನೆಯವರಲ್ಲಿ ಸಿಕ್ಕಿದ್ದು ಆರು ಗಂಟೆ, ಗಂಟೆಗೆ ರೂ. 700. ಎರಡನೆಯವರಲ್ಲಿ ಸಿಕ್ಕಿದ್ದು ಹನ್ನೆರಡು ಗಂಟೆ, ಗಂಟೆಗೆ ರೂ. 600. ಅಗ್ಗವೆಂದು ಕಂಡದ್ದು ತುಟ್ಟಿ, ತುಟ್ಟಿಯೆಂದು ಕಂಡದ್ದು ಅಗ್ಗ. ಅಗ್ಗವೆಂದು ಮುಗ್ಗಿದ ಜೋಳ ತಂದವರ ಕತೆ ಇದೇ ಅಲ್ಲವೇ?

ಶಾಲೆಯವರ ಕಡೆಯ ಲೆಕ್ಕವನ್ನೂ ನೋಡುವುದು ನ್ಯಾಯ. ಕಲಿಯುವವನು ಒಂದು ಗಂಟೆಯಲ್ಲಿ ಹದಿನೈದು ಕಿ.ಮೀ. ಓಡಿಸುತ್ತಾನೆಂದು ಹಿಡಿದರೂ ಹತ್ತು ಗಂಟೆಗೆ 150 ಕಿ.ಮೀ. ಆಗುತ್ತದೆ. ಮೊದಲ ಗೇರು, ಎರಡನೆಯ ಗೇರಿನಲ್ಲೇ ಹೆಚ್ಚು ಓಡುವ ಕಾರು ಲೀಟರಿಗೆ ಹನ್ನೆರಡು ಕಿ.ಮೀ. ಕೊಟ್ಟರೆ ಹನ್ನೆರಡೂವರೆ ಲೀಟರ್ ಪೆಟ್ರೋಲು ಬೇಕು. ಲೀಟರಿಗೆ ನೂರು ರೂಪಾಯಿ ದಾಟಿದ ಈ ಕಾಲದಲ್ಲಿ ಅದಕ್ಕೇ ರೂ. 1,250ಕ್ಕೆ ಮಿಕ್ಕಿ ಖರ್ಚು. 2016ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಗೊತ್ತುಪಡಿಸಿದ ಪ್ರಕಾರ ಒಂದು ವರ್ಗದ ವಾಹನಕ್ಕೆ ಕಲಿಕಾ ಲೈಸನ್ಸಿಗೆ ರೂ. 150, ಅದರ ಪರೀಕ್ಷೆಗೆ ರೂ. 50, ಚಾಲನಾ ಪರೀಕ್ಷೆಗೆ ರೂ. 300, ಲೈಸನ್ಸಿಗೆ ರೂ. 200, ಒಟ್ಟು ರೂ. 700 ಸರಕಾರಕ್ಕೆ ಸಲ್ಲಬೇಕು. ರಾಜ್ಯದ ಸೇವಾಶುಲ್ಕ ಬೇರೆ. ಲೈಸನ್ಸ್ ಸಹಿತ ರೂ. 3,000ಕ್ಕೆ ಕಲಿಸುತ್ತೇವೆ ಎನ್ನುವವರ ಕೈಯಲ್ಲಿ ಇವೆರಡು ಕಳೆದು ಉಳಿಯುವುದು ಸಾವಿರದ ಆಸುಪಾಸು. ಶಿಕ್ಷಕನ ಹತ್ತು ಗಂಟೆಯ ಸಂಬಳ, ಕಾರಿನ ವಿಮೆ, ರಿಪೇರಿ, ಕಟ್ಟಡದ ಬಾಡಿಗೆ, ಮಾಲಕನ ಜೀವನ ಎಲ್ಲವೂ ಆ ಸಾವಿರದಲ್ಲಿ ಆಗಬೇಕು. ಆಗುವುದಿಲ್ಲ. ಆಗದಿದ್ದಾಗ ಕತ್ತರಿ ಬೀಳುವುದು ಗಂಟೆಗಳಿಗೆ. ಇಲ್ಲವೇ ಹೆಚ್ಚುವರಿ ತರಗತಿ, ಪರೀಕ್ಷೆಯ ದಿನದ ಕಾರು ಬಾಡಿಗೆ, ಕಾಗದಪತ್ರದ ಖರ್ಚು ಎಂಬ ಹೆಸರಿನಲ್ಲಿ ಹಣ ಹಿಂಬಾಗಿಲಿನಿಂದ ಬರುತ್ತದೆ. ಇದನ್ನು ಮೋಸವೆಂದು ಕರೆಯುವ ಮೊದಲು, ಆಗದ ದರವನ್ನು ಕೇಳಿ ಸಂತೋಷಪಟ್ಟವರು ನಾವೇ ಎಂಬುದನ್ನೂ ನೆನಪಿಡಬೇಕು.

ಅಗ್ಗವಾದುದೆಲ್ಲ ಕೆಟ್ಟದ್ದೆಂದು ನಮ್ಮ ಅಭಿಪ್ರಾಯವಲ್ಲ. ಒಂದೇ ಕಾರು ಇಟ್ಟುಕೊಂಡು, ಮಾಲಕನೇ ಆಶಾನ್ ಆಗಿ, ದಿನಕ್ಕೆ ಕೆಲವೇ ಮಂದಿಯನ್ನು ತೆಗೆದುಕೊಂಡು ಕಲಿಸುವ ಸಣ್ಣ ಶಾಲೆಯವನಿಗೆ ಖರ್ಚು ಕಡಿಮೆ, ಆದ್ದರಿಂದ ದರವೂ ಕಡಿಮೆ. ಅಂತಹವನ ಬಳಿ ಕಲಿತವರು ದೊಡ್ಡ ಹೆಸರಿನ ಶಾಲೆಯಲ್ಲಿ ಕಲಿತವರಿಗಿಂತ ಚೆನ್ನಾಗಿ ಓಡಿಸುವುದುಂಟು. ಹೆಚ್ಚು ಹಣ ಕೊಟ್ಟ ಮಾತ್ರಕ್ಕೆ ಹೆಚ್ಚು ವಿದ್ಯೆ ಬರುವುದೆಂಬ ಖಾತ್ರಿಯೂ ಇಲ್ಲ. ಬೀಡಿ ಕಟ್ಟಿ, ಅಡಿಕೆ ಸುಲಿದು ಕೂಡಿಸಿದ ಹಣದಲ್ಲಿ ಮಗಳಿಗೆ ಸ್ಕೂಟರು ಕಲಿಸುವ ತಾಯಿಗೆ, ಕಡಿಮೆ ದರ ನೋಡಬೇಡ ಎಂದು ಉಪದೇಶಿಸುವ ಅಧಿಕಾರ ಯಾರಿಗಿದೆ? ನಾವು ಹೇಳುವುದು ಇಷ್ಟೇ: ದರವನ್ನು ಕೇಳುವ ಮೊದಲು ಗಂಟೆಯನ್ನು ಕೇಳಿ.

ದರದ ಅಂದಾಜಿಗೆ ಒಂದು ಅಳತೆಗೋಲು ನಮ್ಮ ರಾಜ್ಯದಲ್ಲೇ ಸಿಕ್ಕಿದೆ. ಕೇರಳ ರಾಜ್ಯ ರಸ್ತೆ ಸಾರಿಗೆ ಸಂಸ್ಥೆ 2024ರ ಜೂನಿನಲ್ಲಿ ತಿರುವನಂತಪುರದಲ್ಲಿ ತನ್ನದೇ ಡ್ರೈವಿಂಗ್ ಶಾಲೆ ತೆರೆದಾಗ ಕಾರಿಗೆ ರೂ. 9,000, ದ್ವಿಚಕ್ರಕ್ಕೆ ರೂ. 3,500, ಎರಡೂ ಸೇರಿ ರೂ. 11,000 ಎಂದು ಶುಲ್ಕ ಗೊತ್ತುಪಡಿಸಿತು. ಖಾಸಗಿಯವರಿಗಿಂತ ಕಡಿಮೆ ದರದಲ್ಲಿ ಒಳ್ಳೆಯ ಕಲಿಕೆ ಕೊಡುವುದೇ ಉದ್ದೇಶವೆಂದು ಆಗ ಸಾರಲಾಯಿತು. ಸಾರ್ವಜನಿಕ ಸಂಸ್ಥೆಯೊಂದು ಕಡಿಮೆಯೆಂದು ಹೇಳಿ ಇಟ್ಟ ದರವೇ ಇಷ್ಟಾದರೆ, ಅದರ ಮೂರನೆಯ ಒಂದು ಪಾಲಿಗೆ ಕಾರು ಕಲಿಸುತ್ತೇವೆ ಎನ್ನುವವರು ಏನನ್ನು ಬಿಟ್ಟು ಕಲಿಸುತ್ತಾರೆಂದು ಕೇಳುವುದು ತಪ್ಪೇ?

ಪರೀಕ್ಷೆಯ ಸ್ವರೂಪವೂ ಇದರಲ್ಲಿ ಪಾಲುದಾರ. ಕೇರಳದಲ್ಲಿ ಕಾರಿಗೆ ಎಚ್, ದ್ವಿಚಕ್ರಕ್ಕೆ ಎಂಟು ಎಂಬುದು ಮಕ್ಕಳಿಗೂ ಗೊತ್ತು. ಮೈದಾನದಲ್ಲಿ ಕಂಬ ನೆಟ್ಟು, ಇಂತಹ ಕಂಬ ಕನ್ನಡಿಯಲ್ಲಿ ಕಂಡಾಗ ಸ್ಟೇರಿಂಗನ್ನು ಪೂರ್ತಿ ತಿರುಗಿಸು ಎಂದು ಬಾಯಿಪಾಠ ಮಾಡಿಸಿದರೆ ಎಚ್ ಬರುತ್ತದೆ, ಲೈಸನ್ಸೂ ಬರುತ್ತದೆ. ಕಂಬಗಳಿಲ್ಲದ ರಸ್ತೆಯಲ್ಲಿ ಏನು ಮಾಡಬೇಕೆಂದು ಮಾತ್ರ ಬರುವುದಿಲ್ಲ. ಕೆಲವೆಡೆ ದಿನಕ್ಕೆ ನೂರಕ್ಕೂ ಮಿಕ್ಕಿ ಪರೀಕ್ಷೆಗಳು ನಡೆಯುತ್ತಿದ್ದವೆಂಬುದು 2024ರಲ್ಲಿ ದೊಡ್ಡ ಚರ್ಚೆಗೆ ಬಂತು. ಆರು ಗಂಟೆಯಲ್ಲಿ ನೂರು ಪರೀಕ್ಷೆಯೆಂದರೆ ಒಬ್ಬನಿಗೆ ನಾಲ್ಕು ನಿಮಿಷವೂ ಇಲ್ಲ. ಆ ವರ್ಷದ ಫೆಬ್ರವರಿಯ ಸುತ್ತೋಲೆ ಪರೀಕ್ಷೆಗಳ ಸಂಖ್ಯೆಗೆ ಮಿತಿ ಹಾಕಿ ಕ್ರಮವನ್ನು ಬಿಗಿಗೊಳಿಸಲು ಹೊರಟಾಗ ಶಾಲೆಗಳವರು ಮೇ ತಿಂಗಳಲ್ಲಿ ಪರೀಕ್ಷೆಗಳನ್ನು ಬಹಿಷ್ಕರಿಸಿದರು. ಅವರ ಅಳಲಿನಲ್ಲಿ ಹುರುಳಿಲ್ಲವೆಂದಲ್ಲ. ತಯಾರಿಯಿಲ್ಲದ ಬದಲಾವಣೆ ಹೊಟ್ಟೆಪಾಡಿಗೆ ಪೆಟ್ಟು ಕೊಡುತ್ತದೆ. ಆದರೆ ಆ ಜಗಳದಲ್ಲಿ ಸರಕಾರದ ಮಾತು ಕೇಳಿಸಿತು, ಮಾಲಕರ ಮಾತು ಕೇಳಿಸಿತು. ಹಣ ಕೊಟ್ಟು ಕಲಿಯುವವನ ಮಾತು ಕೇಳಿಸಲೇ ಇಲ್ಲ.

ಇನ್ನು ನಮ್ಮ ಮನೆಗಳಿಗೆ ಹತ್ತಿರವಾದ ವಿಷಯಕ್ಕೆ ಬರೋಣ. ಗಡಹಿಂಗ್ಲಜ ತಾಲೂಕಿನ ಹಲಕರ್ಣಿ ಕರ್ನಾಟಕದ ಗಡಿಯ ಬಳಿಯ ಊರು. ಸಂಕೇಶ್ವರ ಅತ್ತ ಕರ್ನಾಟಕದಲ್ಲಿ, ತಾಲೂಕು ಕಚೇರಿ ಇತ್ತ ಮಹಾರಾಷ್ಟ್ರದಲ್ಲಿ. ಆ ಸೀಮೆಯಲ್ಲಿ ಕನ್ನಡ ಮಾತನಾಡುವ ಮನೆಗಳಿವೆ, ಕಚೇರಿಯ ಭಾಷೆ ಮರಾಠಿ. ಕಾಸರಗೋಡಿನ ಕನ್ನಡಿಗನಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅಲ್ಲಿ ಆರ್.ಟಿ.ಓ. ಕಚೇರಿ ಇರುವ ಕೊಲ್ಲಾಪುರ ಗಡಹಿಂಗ್ಲಜದಿಂದ ಎಪ್ಪತ್ತು ಕಿ.ಮೀ. ಆಸುಪಾಸು. ಎರಡು ಮೂರು ಸಲ ಓಡಾಡುವುದೆಂದರೆ ಎರಡು ಮೂರು ದಿನಗಳ ಕೂಲಿ ಹೋಯಿತು. ಆದ್ದರಿಂದ ಎಲ್ಲವನ್ನೂ ನಾವೇ ಮಾಡಿಸುತ್ತೇವೆ ಎನ್ನುವವನಿಗೆ ಹಣ ಕೊಡುವುದು ಅಲ್ಲಿಯೂ ಸುಲಭವಾಗಿ ಕಾಣುತ್ತದೆ. 2021ರ ಜೂನಿನಿಂದ ಮಹಾರಾಷ್ಟ್ರದಲ್ಲಿ ಕಲಿಕಾ ಲೈಸನ್ಸಿನ ಪರೀಕ್ಷೆಯನ್ನು ಆಧಾರ್ ಮೂಲಕ ಮನೆಯಲ್ಲೇ ಕುಳಿತು ಬರೆಯಬಹುದು. ಓದು ಬರಹ ಬಲ್ಲ ಮಕ್ಕಳಿರುವ ಮನೆಗೆ ಈ ಕೆಲಸಕ್ಕೆ ಮಧ್ಯವರ್ತಿ ಬೇಕಾಗಿಲ್ಲ.

ಕಲಿಯುವವನಿಗೆ ಭಾಷೆ ಎಷ್ಟು ಮುಖ್ಯವೆಂಬುದು ಕಾರು ಚಲಿಸಿದಾಗ ತಿಳಿಯುತ್ತದೆ. ತಿರುವಿನಲ್ಲಿ ಲಾರಿ ಎದುರಾದಾಗ ಪಕ್ಕದವನು ಇಡತ್ತೋಟ್ಟು ಎಂದರೆ, ಅಥವಾ ಹಲಕರ್ಣಿಯ ಹುಡುಗನಿಗೆ ಡಾವೀಕಡೆ ಎಂದರೆ, ಅದು ಎಡಕ್ಕೆ ಎಂದು ಮನಸ್ಸಿನಲ್ಲಿ ತಿರುವಿ ತಿಳಿಯುವಷ್ಟು ಹೊತ್ತು ಅಲ್ಲಿರುವುದಿಲ್ಲ. ಪೇಟೆಯಲ್ಲಿ ಬೆಳೆದ ಹುಡುಗರಿಗೆ ಎರಡೂ ಭಾಷೆ ಒಂದೇ. ಮನೆಯೊಳಗೆ ಕನ್ನಡವನ್ನೋ ತುಳುವನ್ನೋ ಆಡಿಕೊಂಡು ಮೂವತ್ತು ನಲವತ್ತು ವರ್ಷ ಕಳೆದು, ಈಗ ಸ್ಟೇರಿಂಗ್ ಹಿಡಿಯಲು ಹೊರಟ ಗೃಹಿಣಿಗೆ ಹಾಗಲ್ಲ. ಅರ್ಥವಾಗದೆ ತಪ್ಪಿದರೆ ಬೈಗುಳ, ಬೈಗುಳಕ್ಕೆ ಹೆದರಿ ಮತ್ತೆ ತಪ್ಪು, ಎರಡು ವಾರದಲ್ಲಿ ಕಲಿಕೆಯೇ ಬೇಡವೆಂದು ಮನೆಗೆ. ಕಟ್ಟಿದ ಹಣ ಹಿಂದೆ ಬರುವುದಿಲ್ಲ. ಇವರ ಮಟ್ಟಿಗೆ ತಮ್ಮ ಭಾಷೆಯಲ್ಲಿ ತಾಳ್ಮೆಯಿಂದ ಕಲಿಸುವವನಿಗೆ ಸಾವಿರ ರೂಪಾಯಿ ಹೆಚ್ಚು ಕೊಟ್ಟರೂ ಅದೇ ಅಗ್ಗ.

ಗಡಿಯ ಜನರು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಕಲಿಕಾ ಲೈಸನ್ಸಿಗೆ ತಾನು ವಾಸವಾಗಿರುವ ಅಥವಾ ಉದ್ಯೋಗ ಮಾಡುವ ರಾಜ್ಯದಲ್ಲಿ ಮಾತ್ರವಲ್ಲ, ತಾನು ಕಲಿಯಲು ಸೇರುವ ಅಂಗೀಕೃತ ಶಾಲೆ ಇರುವ ರಾಜ್ಯದಲ್ಲಿಯೂ ಅರ್ಜಿ ಹಾಕಬಹುದೆಂದು ಮೋಟಾರು ವಾಹನ ಕಾಯಿದೆಯ 8ನೆಯ ವಿಧಿ ಹೇಳುತ್ತದೆ. ಕಾನೂನಿನ ಅಕ್ಷರದ ಪ್ರಕಾರ ಹಲಕರ್ಣಿಯವನು ಸಂಕೇಶ್ವರದಲ್ಲಿ, ಮಂಜೇಶ್ವರದವನು ಮಂಗಳೂರಿನಲ್ಲಿ ಕನ್ನಡದಲ್ಲೇ ಕಲಿತು ಮುಂದುವರಿಯಲು ದಾರಿಯಿದೆ. ವಿಳಾಸದ ದಾಖಲೆಯಾಗಿ ಏನನ್ನು ಒಪ್ಪುತ್ತಾರೆಂದು ಆ ಕಚೇರಿಯಲ್ಲಿ ವಿಚಾರಿಸಿದ ಮೇಲೆಯೇ ಶಾಲೆಗೆ ಹಣ ಕಟ್ಟುವುದು ಜಾಣತನ. ಎಲ್ಲಿ ಪಡೆದರೂ ಲೈಸನ್ಸು ಇಡೀ ಭಾರತಕ್ಕೆ ಸಲ್ಲುತ್ತದೆ.

ಈ ವಿದ್ಯೆ ಈಗ ಜೀವನೋಪಾಯವೂ ಹೌದು. ಹಗುರ ವಾಹನದ ಲೈಸನ್ಸು ಇರುವವನು 7,500 ಕಿಲೋ ತೂಕದೊಳಗಿನ ಬಾಡಿಗೆ ವಾಹನವನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ 6ರಂದು ತೀರ್ಪಿತ್ತಿತು. ಬಡ ಯುವಕರಿಗೆ ಇದರಿಂದ ಉಪಕಾರವಾಗಿದೆ. ಆದರೆ ಕಾಲು ಗಂಟೆಯ ಲೆಕ್ಕದಲ್ಲಿ ಕಾರು ಕಲಿತವನೇ ನಾಳೆ ಸಾಮಾನು ತುಂಬಿದ ಟೆಂಪೋ ಏರುತ್ತಾನೆಂಬುದೂ ನಿಜ. ಹಲಕರ್ಣಿಯ ಸೀಮೆಯಲ್ಲಿ ಕಬ್ಬಿನ ಹಂಗಾಮು ಬಂತೆಂದರೆ ಎರಡೆರಡು ಟ್ರೇಲರ್ ಎಳೆಯುವ ಟ್ರಾಕ್ಟರುಗಳು ರಾತ್ರಿಯಿಡೀ ಕಾರಖಾನೆಗಳತ್ತ ಸಾಗುತ್ತವೆ. ಅದೇ ದಾರಿಯಲ್ಲಿ ಸಂಕೇಶ್ವರದಿಂದ ಬಾಂದಾಕ್ಕೆ ಹೋಗುವ ಹೆದ್ದಾರಿಯ ವಾಹನಗಳೂ ಓಡುತ್ತವೆ. ನಮ್ಮಲ್ಲಿ ತಲಪಾಡಿಯಿಂದ ಚೆಂಗಳದವರೆಗೆ ಆರು ಪಥದ ಹೆದ್ದಾರಿ ಬಂದಿದೆ. ಸರ್ವೀಸ್ ರಸ್ತೆಯಿಂದ ಹೆದ್ದಾರಿಗೆ ಸೇರುವುದು ಹೇಗೆ, ವೇಗದಲ್ಲಿ ಬರುವ ವಾಹನದ ದೂರ ಅಳೆಯುವುದು ಹೇಗೆ, ತಪ್ಪಿಹೋದ ತಿರುವಿಗೆ ಹಿಂದೆ ಬರಬಾರದೇಕೆ ಎಂಬುದನ್ನು ಶಾಲೆಯ ಮೈದಾನ ಕಲಿಸುವುದಿಲ್ಲ. ನಡುರಾತ್ರಿ ತಂದೆಯ ಎದೆನೋವಿಗೆ ಮಂಗಳೂರಿನ ಆಸ್ಪತ್ರೆಗೆ ಕಾರು ಓಡಿಸಬೇಕಾದ ಮಗಳಿಗೆ ಬೇಕಾದದ್ದು ಈ ವಿದ್ಯೆಯೇ ಹೊರತು ಎಚ್ ಅಲ್ಲ.

ಬೇರೆ ದೇಶಗಳು ಇದನ್ನು ಹೇಗೆ ಕಾಣುತ್ತವೆಂದು ನೋಡಬಹುದು. ಜರ್ಮನಿಯಲ್ಲಿ ಸಾಮಾನ್ಯ ಪಾಠಗಳ ಮೇಲೆ ಊರ ಹೊರಗಿನ ರಸ್ತೆಯಲ್ಲಿ ಐದು, ಹೆದ್ದಾರಿಯಲ್ಲಿ ನಾಲ್ಕು, ಕತ್ತಲಲ್ಲಿ ಮೂರು ಪಾಠಗಳು ಕಡ್ಡಾಯ. ಬ್ರಿಟನ್ನಿನಲ್ಲಿ ಕಲಿಯುವವರು ಸರಾಸರಿ 45 ಗಂಟೆ ಶಿಕ್ಷಕರೊಂದಿಗೆ, 22 ಗಂಟೆ ಮನೆಯವರೊಂದಿಗೆ ಅಭ್ಯಾಸ ಮಾಡುತ್ತಾರೆಂದು ಅಲ್ಲಿಯ ಇಲಾಖೆ ಹೇಳುತ್ತ ಬಂದಿದೆ. ನಮ್ಮ ಮನೆಗಳ ಹುಡುಗರು ದುಬೈಗೆ ಹೋದರೆ ಊರಿನ ಲೈಸನ್ಸನ್ನು ಅಲ್ಲಿಯದಕ್ಕೆ ನೇರವಾಗಿ ಬದಲಾಯಿಸಿ ಕೊಡುವುದಿಲ್ಲ. ಪರೀಕ್ಷೆಗೆ ನಿಲ್ಲಬೇಕು, ಸೋತರೆ ಮತ್ತೆ ತರಬೇತಿಗೆ ಹಣ ತೆರಬೇಕು. ಇಲ್ಲಿ ಉಳಿಸಿದ ಸಾವಿರಕ್ಕೆ ಅಲ್ಲಿ ಹಲವು ಸಾವಿರ ತೆತ್ತವರು ನಮ್ಮ ನಡುವೆಯೇ ಇದ್ದಾರೆ.

ನಮ್ಮ ದೇಶದಲ್ಲಿಯೂ 2021ರ ಜುಲಾಯಿ 1ರಿಂದ ಅಂಗೀಕೃತ ಚಾಲಕ ತರಬೇತಿ ಕೇಂದ್ರಗಳೆಂಬ ಹೊಸ ವ್ಯವಸ್ಥೆ ಜಾರಿಗೆ ಬಂತು. ಅಲ್ಲಿ ಹಗುರ ವಾಹನಕ್ಕೆ 29 ಗಂಟೆಗಳ ಪಾಠ, ಅದರಲ್ಲಿ ಓಡಿಸುವುದಕ್ಕೇ 21 ಗಂಟೆ. ಅಲ್ಲಿ ಪಾಸಾದವರಿಗೆ ಆರ್.ಟಿ.ಓ. ಪರೀಕ್ಷೆಯಿಂದ ವಿನಾಯಿತಿಯಿದೆ. ಈ ವಿನಾಯಿತಿ ಆ ಕೇಂದ್ರಗಳಿಗೆ ಮಾತ್ರ. 2024ರ ಜೂನಿನಿಂದ ಯಾವ ಶಾಲೆಯಲ್ಲಿ ಕಲಿತರೂ ಪರೀಕ್ಷೆ ಬೇಡವೆಂಬ ಸುದ್ದಿ ಹಬ್ಬಿದಾಗ ಅಂತಹ ಬದಲಾವಣೆಯಿಲ್ಲವೆಂದು ಕೇಂದ್ರ ಸರಕಾರ ಸ್ಪಷ್ಟಪಡಿಸಿತ್ತು. ಪರೀಕ್ಷೆಯಿಲ್ಲದೆ ಲೈಸನ್ಸ್ ಕೊಡಿಸುತ್ತೇವೆಂದು ಹೇಳುವ ಸಾಧಾರಣ ಶಾಲೆಯಿಂದ ದೂರವಿರುವುದೇ ಲೇಸು. ನಿಯಮ ತಪ್ಪಿಸಿ ಲೈಸನ್ಸ್ ಕೊಡಿಸಬಲ್ಲೆವೆಂದು ನಂಬಿಸುವುದು ಶಾಲೆಯ ಲೈಸನ್ಸಿನ ಷರತ್ತಿಗೇ ವಿರುದ್ಧ.

ಹಾಗಾದರೆ ಕಡಿಮೆ ಹಣವಿರುವ ಮನೆಯವರು ಮಾಡಬೇಕಾದದ್ದೇನು? ಒಂದು, ಹಣ ಕಟ್ಟುವ ಮೊದಲು ಸ್ಟೇರಿಂಗ್ ಹಿಡಿಯುವ ಗಂಟೆ ಎಷ್ಟು, ಕಾರಿನಲ್ಲಿ ಎಷ್ಟು ಮಂದಿ, ಪರೀಕ್ಷೆಯ ದಿನದ ಖರ್ಚು ಯಾರದು, ಸೋತರೆ ಮುಂದೇನು ಎಂಬುದನ್ನು ಕೇಳಿ ಬರೆಸಿಕೊಳ್ಳಿ. ಎರಡು, ಶಾಲೆಯ ಲೈಸನ್ಸನ್ನೂ ಕಾರಿನಲ್ಲಿ ಶಿಕ್ಷಕನ ಕಡೆಯ ಬ್ರೇಕನ್ನೂ ಕಣ್ಣಾರೆ ನೋಡಿ. ಮೂರು, ಪ್ರತಿದಿನ ಓಡಿಸಿದ ನಿಮಿಷಗಳನ್ನು ನೀವೇ ಒಂದು ಪುಸ್ತಕದಲ್ಲಿ ಬರೆದಿಡಿ. ಕೊನೆಗೆ ಶಾಲೆಯ ರಿಜಿಸ್ಟರಿನೊಂದಿಗೆ ತಾಳೆ ನೋಡಲು ಅದೇ ಸಾಕ್ಷಿ. ನಾಲ್ಕು, ಹತ್ತು ಗಂಟೆಗೆ ಮುಗಿಯಿತೆಂದು ತಿಳಿಯಬೇಡಿ. ಕಲಿಕಾ ಲೈಸನ್ಸಿಗೆ ಆರು ತಿಂಗಳ ಆಯುಷ್ಯವಿದೆ, ಮೂವತ್ತು ದಿನ ಕಳೆದ ಕೂಡಲೇ ಪರೀಕ್ಷೆಗೆ ಓಡಬೇಕೆಂದಿಲ್ಲ. ಬಿಳಿಯ ಮೇಲೆ ಕೆಂಪು ಎಲ್ ಅಕ್ಷರ ಹಚ್ಚಿ, ಲೈಸನ್ಸುಳ್ಳ ಅಣ್ಣನನ್ನೋ ಮಾವನನ್ನೋ ವಾಹನ ನಿಲ್ಲಿಸಲು ಸಾಧ್ಯವಾಗುವಂತೆ ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಜನಸಂಚಾರ ಕಡಿಮೆ ಇರುವ ದಾರಿಯಲ್ಲಿ ಅಭ್ಯಾಸ ಮಾಡಿದರೆ ಪೆಟ್ರೋಲಿನ ಖರ್ಚಷ್ಟೇ. ಬಡವನಿಗೆ ನಿಜವಾದ ಅಗ್ಗದ ಕಲಿಕೆ ಇದು. ಆದರೆ ಹದಿನೆಂಟು ತುಂಬದ ಮಕ್ಕಳ ಕೈಗೆ ಕೀಲಿ ಕೊಡಬೇಡಿ. 2019ರ ತಿದ್ದುಪಡಿಯ ಪ್ರಕಾರ ಅದಕ್ಕೆ ತಂದೆತಾಯಿಗಳಿಗೆ ರೂ. 25,000 ದಂಡ, ಮೂರು ವರ್ಷಗಳವರೆಗೆ ಸಜೆ.

ಒಬ್ಬೊಬ್ಬರಾಗಿ ಚೌಕಾಸಿ ಮಾಡಿದರೆ ಇಳಿಯುವುದು ದರ ಮಾತ್ರ. ಒಂದು ಊರಿನ ಇಪ್ಪತ್ತು ಮಂದಿ ಕೂಡಿ ಹೋದರೆ ಗಂಟೆಗಾಗಿ, ಕನ್ನಡ ಬಲ್ಲ ಶಿಕ್ಷಕನಿಗಾಗಿ ಚೌಕಾಸಿ ಮಾಡಬಹುದು. ನಮ್ಮ ಸಹಕಾರಿ ಸಂಘಗಳು, ಯುವಕ ಮಂಡಲಗಳು, ಕುಟುಂಬಶ್ರೀ ಘಟಕಗಳು ಈ ಕೆಲಸಕ್ಕೆ ಕೈಹಾಕಿದರೆ ತಪ್ಪೇನು?

ಸರಕಾರದ ಕರ್ತವ್ಯವೂ ಸ್ಪಷ್ಟ. ನಮೂನೆ 15ರ ರಿಜಿಸ್ಟರನ್ನು ಆಗಾಗ ಹೋಗಿ ತಪಾಸಣೆ ಮಾಡಲಿ. ಹತ್ತು ಗಂಟೆಯ ನಿಯಮವನ್ನು ಪ್ರತಿ ಶಾಲೆಯ ಬಾಗಿಲಲ್ಲಿ ಕಲಿಯುವವರ ಭಾಷೆಯಲ್ಲಿ ಬರೆದು ತೂಗಹಾಕಿಸಲಿ. ಕೇರಳದಲ್ಲಿ ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರದೊಂದಿಗೆ ವ್ಯವಹರಿಸುವ ಹಕ್ಕನ್ನು 1969ರ ಅಧಿಕೃತ ಭಾಷಾ ಕಾಯಿದೆ ಮಾನ್ಯ ಮಾಡಿದೆ. ಯಾವ ರಾಜ್ಯದ ಪ್ರಜೆಯೂ ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ತನ್ನ ಅಹವಾಲು ಸಲ್ಲಿಸಬಹುದೆಂದು ಸಂವಿಧಾನದ 350ನೆಯ ಅನುಚ್ಛೇದ ಹೇಳುತ್ತದೆ. ಗಂಟೆ ಕಡಿಮೆ ಕೊಟ್ಟ ಶಾಲೆಯ ಮೇಲಿನ ದೂರನ್ನು ಹಲಕರ್ಣಿಯವರಾಗಲಿ ನಾವಾಗಲಿ ಕನ್ನಡದಲ್ಲೇ ಬರೆದು ಕೊಡಬಹುದು, ಕೊಡಬೇಕು.

ಲೈಸನ್ಸು ಒಂದು ಕಾಗದ. ಅದನ್ನು ಪಡೆಯುವುದಕ್ಕೆ ಹಣ ಕೊಡುವವರು ಕಾಗದವನ್ನೇ ಪಡೆಯುತ್ತಾರೆ, ಕಲಿಯುವುದಕ್ಕೆ ಹಣ ಕೊಡುವವರು ವಿದ್ಯೆಯನ್ನೂ ಪಡೆಯುತ್ತಾರೆ. ಮುಂದಿನ ಬೋರ್ಡಿನ ಮುಂದೆ ನಿಂತಾಗ ರೂಪಾಯಿಯ ಅಂಕೆಯನ್ನು ಓದಿ ಮುಗಿಸದೆ ಗಂಟೆಯ ಅಂಕೆ ಎಲ್ಲಿದೆಯೆಂದು ಹುಡುಕುವ ಅಭ್ಯಾಸವನ್ನು ನಮ್ಮ ಮನೆಗಳು ಬೆಳೆಸಿಕೊಳ್ಳಲಿ. ಆ ಅಂಕೆಯನ್ನು ಬರೆಯಲು ಹಿಂಜರಿಯುವ ಶಾಲೆ ಎಷ್ಟು ಅಗ್ಗವಾದರೂ ನಮಗೆ ದುಬಾರಿಯೇ.